ಮರ್ಸರ್ ಕೆರೆಯ ರಮಾಮಣಿ

ರಮಾಮಣಿಯವರು ಗಾಳವನ್ನು ನೀರಿಗೆ ಎಸೆಯುವ ಮೊದಲು ಅದರ ದಾರದ ಕೊನೆಯ ಒಂದು ಮೊಳವನ್ನು ಕತ್ತರಿಸಿಬಿಡುತ್ತಾರೆ. ದಾರ ಹೊಸದಿರಲಿ, ಹಳೆಯದಿರಲಿ, ನಿನ್ನೆಯಷ್ಟೇ ರೀಲಿಗೆ ಸುತ್ತಿದ್ದಿರಲಿ, ಈ ಶಾಸ್ತ್ರಕ್ಕೆ ವಿನಾಯಿತಿಯಿಲ್ಲ. ಎಡಗೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ದಾರವನ್ನು ಹಿಡಿದು, ಕಣ್ಣು ಅರೆಮುಚ್ಚಿ, ನಾಡಿ ನೋಡುವ ಪಂಡಿತರ ಏಕಾಗ್ರತೆಯಿಂದ ಅದನ್ನು ಮೆಲ್ಲಗೆ ಎಳೆಯುತ್ತ ಹೋಗಿ, ಎಲ್ಲಿಯೂ ತರಚಿಲ್ಲ, ಎಲ್ಲಿಯೂ ಸವೆದಿಲ್ಲ ಎಂದು ಖಚಿತಪಡಿಸಿಕೊಂಡ ಮೇಲೂ ಕೋಟಿನ ಜೇಬಿನಿಂದ ಪುಟ್ಟ ಕತ್ತರಿ ತೆಗೆದು ಕಟಕ್ಕೆನ್ನಿಸುತ್ತಾರೆ. ಕತ್ತರಿಸಿದ ತುಂಡನ್ನು ದಂಡೆಯಲ್ಲಿ ಬಿಸಾಡುವುದಿಲ್ಲ. ಬಾತುಕೋಳಿಯ ಕಾಲಿಗೆ ಸುತ್ತಿಕೊಂಡೀತೆಂದು ಸುರುಳಿ ಮಾಡಿ ಇನ್ನೊಂದು ಜೇಬಿಗೆ ಸೇರಿಸುತ್ತಾರೆ. "ಚೆನ್ನಾಗೇ ಇತ್ತಲ್ಲ ಆಂಟಿ, ಯಾಕೆ ಕಟ್ ಮಾಡಿದ್ರಿ?" ಎಂದು ಮೊದಮೊದಲು ನಾನು ಕೇಳುತ್ತಿದ್ದೆ. "ಚೆನ್ನಾಗಿದೆ ಅಂತ ನನಗೆ ಅನ್ನಿಸ್ತು. ಅನ್ನಿಸೋದು ಟೆಸ್ಟ್ ಅಲ್ಲ, ಶೀನು" ಎಂಬುದು ಅವರ ಉತ್ತರ.

ಅರವತ್ತೈದರ ಆಸುಪಾಸಿನ ವಯಸ್ಸು. ಐದಡಿ ಮುಟ್ಟದ ಸಪೂರ ಮೈಕಟ್ಟು. ಹಣೆಯಲ್ಲಿ ಸಾಸಿವೆಕಾಳಿನಷ್ಟು ಕುಂಕುಮ. ಮಗ ಅದ್ವೈತ್ ಹೈಸ್ಕೂಲಿನಲ್ಲಿ ತೊಟ್ಟು ಬಿಟ್ಟ ಕಂದುಬಣ್ಣದ ಕಾರ್ಡುರಾಯ್ ಕೋಟೊಂದು ಮೊಣಕಾಲಿನವರೆಗೆ ಇಳಿಬಿದ್ದು, ಅದರ ನಾಲ್ಕು ಜೇಬುಗಳೂ ಸದಾ ತುಂಬಿರುತ್ತವೆ. ಯಾವ ಜೇಬಿನಲ್ಲಿ ಕತ್ತರಿ, ಯಾವುದರಲ್ಲಿ ಇಕ್ಕಳ, ಯಾವುದರಲ್ಲಿ ನೆಲ್ಲಿಕಾಯಿಯ ಒಣ ಹೋಳು ಎಂಬುದು ಕಣ್ಣುಕಟ್ಟಿ ಬಿಟ್ಟರೂ ತಪ್ಪುವಂತಿಲ್ಲ. ಕೆರೆಯ ದಂಡೆಯಲ್ಲಿ ಅವರು ಹಿಮ್ಮಡಿಯೂರಿ ನಡೆದುದನ್ನು ನಾನು ಕಂಡಿಲ್ಲ. ಮಣ್ಣಿನ ಅದುರು ನೀರಿಗೆ ಮುಟ್ಟಿ ಮೀನು ಬೆದರುತ್ತದೆಂದು, ಕೂಸು ಮಲಗಿದ ಕೋಣೆಯನ್ನು ದಾಟುವ ತಾಯಿಯಂತೆ ಮುಂಗಾಲಿನ ಮೇಲೆಯೇ ಸಾಗುತ್ತಾರೆ. ಅವರ ಹಿಂದೆ ಮಡಚುವ ಕುರ್ಚಿಯನ್ನು ದರದರ ಎಳೆಯುತ್ತ, ಕೆಮ್ಮುತ್ತ, ಪುಳಿಯೋಗರೆಯ ಡಬ್ಬಿಯ ಮುಚ್ಚಳವನ್ನು ಸದ್ದು ಮಾಡುತ್ತ ಬರುವವರು ಪತಿ ಬದರೀನಾಥರು. ಮ್ಯಾನ್‌ಹಟನ್ನಿನ ಬ್ಯಾಂಕೊಂದಕ್ಕೆ ಹದಿನೇಳು ವರ್ಷ ನ್ಯೂಜೆರ್ಸಿಯ ಪ್ರಿನ್ಸ್‌ಟನ್ ಜಂಕ್ಷನ್ನಿನಿಂದ ದಿನವೂ ರೈಲಿನಲ್ಲಿ ಕಮ್ಯೂಟ್ ಮಾಡಿದ ಆ ಮನುಷ್ಯನಿಗೆ ಈಗ ಜಗತ್ತಿನಲ್ಲಿ ಇರುವ ಏಕೈಕ ಮಹತ್ವಾಕಾಂಕ್ಷೆ ಎಂದರೆ ಅಲುಗಾಡದ ಕುರ್ಚಿ.

ಮೈಸೂರಿನ ಅಗ್ರಹಾರದ ಕಡೆಯಲ್ಲಿ ಹುಟ್ಟಿ ಬೆಳೆದ, ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಈ ಹೆಂಗಸು ಬ್ಯಾಸ್ ಮೀನಿನ ಹಿಂದೆ ಬಿದ್ದದ್ದು ಒಂದು ಪೆಟ್ಟಿಗೆಯ ದೆಸೆಯಿಂದ. ಅವರು ನಿವೃತ್ತರಾದ ವರ್ಷ ಬೀದಿಯ ತುದಿಯ ಮನೆಯವರು ಸಾಮಾನು ಮಾರಿ ಫ್ಲಾರಿಡಾಕ್ಕೆ ಹೊರಟರು. ಆ ಗರಾಜ್ ಸೇಲಿನಲ್ಲಿ ರಮಾಮಣಿಯವರಿಗೆ ಮೆಟ್ಟಿಲು ಮೆಟ್ಟಿಲಾಗಿ ತೆರೆದುಕೊಳ್ಳುವ, ಮೂವತ್ತಾರು ಅಂಕಣಗಳ ಹಸಿರು ಪೆಟ್ಟಿಗೆಯೊಂದು ಕಣ್ಣಿಗೆ ಬಿತ್ತು. ಗುಂಡಿ, ಸೂಜಿ, ಮಣಿ ಇಡಲು ಇದಕ್ಕಿಂತ ಬೇಕೇ ಎಂದು ಕೊಂಡು ತಂದು ಅಡಿಗೆಮನೆಯ ಮೇಜಿನ ಮೇಲೆ ತೆರೆದು ನೋಡಿದರೆ, ಅಂಕಣಗಳಲ್ಲಿ ಮಿನುಗುವ ತಗಡಿನ ಎಲೆಗಳು, ಬೆಳ್ಳಿಬಣ್ಣದ ಮರಿಮೀನುಗಳು, ಕಾಲಿಗೆ ಕುಚ್ಚು ಕಟ್ಟಿದ ರಬ್ಬರಿನ ಕಪ್ಪೆ. ಓಲೆ ಜುಮುಕಿಗಳಿರಬೇಕೆಂದು ಒಂದನ್ನು ಕೈಗೆತ್ತಿಕೊಂಡು ಬೆರಳಿಗೆ ಚುಚ್ಚಿಸಿಕೊಂಡರಂತೆ. ಇನ್ನೊಬ್ಬರಾಗಿದ್ದರೆ ಅವನ್ನೆಲ್ಲ ಕಸಕ್ಕೆ ಸುರಿದು ಗುಂಡಿ ತುಂಬುತ್ತಿದ್ದರು. ಮೂವತ್ತು ವರ್ಷ ಔಷಧ ಕಂಪನಿಗಳ ಪ್ರಯೋಗಾಲಯದಲ್ಲಿ ಮಾತ್ರೆಗಳ ಗುಣಮಟ್ಟ ಪರೀಕ್ಷಿಸಿದ ರಮಾಮಣಿಯವರಿಗೆ, ಮೂವತ್ತಾರು ಬಗೆಯ ವಸ್ತುಗಳು ಮನೆಯಲ್ಲಿದ್ದು ಯಾವುದು ಯಾತಕ್ಕೆಂದು ತಿಳಿಯದಿರುವುದು ಸಹಿಸಲಾಗದ ಸಂಗತಿಯಾಯಿತು. ಮಾರನೆಯ ದಿನವೇ ಪೆಟ್ಟಿಗೆಯನ್ನು ಕಾರಿನಲ್ಲಿಟ್ಟುಕೊಂಡು ಗಾಳದ ಸಾಮಾನಿನ ಅಂಗಡಿಗೆ ಹೋದರು. ಅಲ್ಲಿನ ಮುದುಕ ಒಂದೊಂದನ್ನೂ ಎತ್ತಿ ಇದು ಇಂಥದಕ್ಕೆ, ಇದು ಇಂಥದಕ್ಕೆ ಎಂದು ಹೇಳಿದಂತೆಲ್ಲ ಈಕೆಯದು ಒಂದೇ ಪ್ರಶ್ನೆ: "ಹೌ ಡು ಯು ನೋ?" ಮೂರನೆಯ ವಾರಕ್ಕೆ ಆತ ಇವರಿಗೆಂದೇ ಕೌಂಟರಿನ ಪಕ್ಕ ಒಂದು ಸ್ಟೂಲು ಹಾಕಿಸಿದ, ಐದನೆಯ ವಾರಕ್ಕೆ, ಕೆರೆಗೆ ಹೋಗಿ ಮೀನನ್ನೇ ಕೇಳಿ ಎಂದು ಕೈಮುಗಿದ.

ಹೀಗೆ ಆರಂಭವಾದ ವಿದ್ಯೆಯನ್ನು ಆಕೆ ಎಷ್ಟು ಶ್ರದ್ಧೆಯಿಂದ ಸಾಧಿಸಿದರೆಂದರೆ, ಮರ್ಸರ್ ಕೌಂಟಿ ಪಾರ್ಕಿನ ಆ ಉದ್ದನೆಯ ಕೆರೆಯ ದಂಡೆಯಲ್ಲಿ ಬ್ಯಾಸ್ ಹಿಡಿಯುವ ಗಟ್ಟಿಗರು ಈಗ ಇವರನ್ನು ನೋಡಿ ತಮ್ಮ ಗಾಳ ಬದಲಿಸುತ್ತಾರೆ. ಕೆರೆಗೆ ಬಂದ ಕೂಡಲೇ ರಮಾಮಣಿಯವರು ಮೊದಲು ಮಾಡುವ ಕೆಲಸ ಉಪ್ಪಿನಕಾಯಿಯ ಖಾಲಿ ಗಾಜಿನ ಬಾಟಲಿಯಲ್ಲಿ ನೀರು ತುಂಬಿ, ಹಿಂದೆ ಬಿಳಿಯ ಕಾಗದ ಹಿಡಿದು ಬೆಳಕಿಗೆ ನೋಡುವುದು. ನೀರು ತಿಳಿಯಾಗಿದ್ದರೆ ಪಾಚಿಯ ಹಸಿರಿನ ರಬ್ಬರ್ ಹುಳು, ಮೀನಿನ ಕಣ್ಣಿಗೆ ಬೀಳದಂಥ ತೆಳ್ಳನೆಯ ಪಾರದರ್ಶಕ ದಾರ. ಮಳೆ ಬಂದು ನೀರು ಕದಡಿದ್ದರೆ ನೇರಳೆಹಣ್ಣಿನ ಬಣ್ಣದ ಹುಳು. ಮಂಕು ನೀರಿನಲ್ಲಿ ಬಣ್ಣಕ್ಕಿಂತ ಆಕೃತಿ ಕಾಣಬೇಕು. ಇಲ್ಲವೇ ಎಳೆದಾಗ ಗಿರ್ರನೆ ತಿರುಗುವ ತಗಡಿನ ಎಲೆಗಳ ಲ್ಯೂರ್ ಎಂಬ ಹುಸಿ ಎರೆ. ಕಣ್ಣಿಗೆ ಕಾಣದ್ದನ್ನು ಬ್ಯಾಸ್ ಮೈಯಿಂದ ಕೇಳಿಸಿಕೊಳ್ಳುತ್ತದೆ. ಜೊಂಡಿನ ನಡುವೆ ಎಸೆಯುವುದಾದರೆ ಹೆಣೆದ ದಪ್ಪ ದಾರ, ಮತ್ತು ಕೊಕ್ಕೆಯ ಮೊನೆ ಹುಳುವಿನ ಮೈಯೊಳಗೇ ಅಡಗಿರಬೇಕು, ಇಲ್ಲವಾದರೆ ಮೀನಿನ ಬದಲು ಕಳೆ ಕೀಳುವುದೇ ಆಗುತ್ತದೆ. ಕೊಕ್ಕೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಎಳೆದು ನೋಡುತ್ತಾರೆ. ಜಾರಿದರೆ ಅನರ್ಹ, ಗೀರಿ ನಿಂತರೆ ಉತ್ತೀರ್ಣ. ಗಂಟು ಬಿಗಿಯುವ ಮುನ್ನ ಬಾಯಿಯ ಎಂಜಲಿನಿಂದ ಒದ್ದೆ ಮಾಡುತ್ತಾರೆ, ಒಣಗಂಟು ಬಿಗಿದರೆ ಉಜ್ಜಿ ಬಿಸಿಯೇರಿ ದಾರ ಒಳಗೊಳಗೇ ಸೋಲುತ್ತದೆಂದು. ಎಂಜಲೆಂದರೆ ಕೈತೊಳೆಯಲು ಓಡುವ ಆಕೆ ಇಷ್ಟಕ್ಕೆ ಮಾತ್ರ ಮಡಿಯನ್ನು ಬದಿಗಿಟ್ಟಿದ್ದಾರೆ.

ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಅಮುಕಿ ನುಣ್ಣಗೆ ಮಾಡುವುದು ಮತ್ತೊಂದು ನೇಮ. ಮುಳ್ಳಿದ್ದರೆ ಕಚ್ಚಿದ ಮೀನು ಬಿಡಿಸಿಕೊಳ್ಳಲಾರದು. ಇಲ್ಲದಿದ್ದರೆ ಹತ್ತರಲ್ಲಿ ನಾಲ್ಕು ಜಾರಿಹೋಗುತ್ತವೆ. "ಹೋಗ್ಲಿ. ನಾನೇನು ಸಾರು ಮಾಡ್ಬೇಕಾ?" ಎನ್ನುತ್ತಾರೆ. ಬ್ಯಾಸ್ ಮೊಟ್ಟೆಯಿಡುವ ವಸಂತದ ಎರಡು ತಿಂಗಳು ಹಿಡಿದದ್ದನ್ನು ನೀರಿಗೇ ಬಿಡಬೇಕೆಂಬುದು ನ್ಯೂಜೆರ್ಸಿಯ ಕಾನೂನು. ಇವರಿಗೆ ಹನ್ನೆರಡು ತಿಂಗಳೂ ಅದೇ ಕಾನೂನು. ಆದರೂ ಒಮ್ಮೆ ಫ್ಲಶಿಂಗಿನ ಗಣೇಶನ ಗುಡಿಯ ಕ್ಯಾಂಟೀನಿನಲ್ಲಿ ದೋಸೆಗೆ ಕಾಯುತ್ತಿದ್ದಾಗ, ಹಿಂದೆ ನಿಂತಿದ್ದ ಹೆಂಗಸೊಬ್ಬರು ಎಲ್ಲರಿಗೂ ಕೇಳಿಸುವಂತೆ, "ನೀವೇ ಅಲ್ವಾ ಮೀನು ಹಿಡಿಯೋರು?" ಎಂದುಬಿಟ್ಟರು. ಆಗ ಬದರೀನಾಥರು ತಿರುಗಿ, "ಹಿಡಿದು ಬಿಟ್ಬಿಡ್ತಾಳೆ ಕಣ್ರೀ. ಇದುವರೆಗೂ ಬಿಡದೆ ಇರೋದು ನನ್ನೊಬ್ಬನ್ನೇ" ಎಂದರು, ಸಾಲೆಲ್ಲ ನಕ್ಕಿತು. ರಮಾಮಣಿಯವರು ಮಾತ್ರ ನಗದೆ ಆ ಹೆಂಗಸಿಗೆ ಗಂಭೀರವಾಗಿಯೇ ಹೇಳಿದರು: "ಮೀನಿಗೆ ನೋವಾಗುತ್ತೆ. ಆಗಲ್ಲ ಅಂತ ನಾನು ಹೇಳಲ್ಲ. ಆದಷ್ಟು ಕಡಿಮೆ ಆಗೋ ಹಾಗೆ ನೋಡ್ಕೋತೀನಿ." ತಮ್ಮ ಪರವಾದ ವಾದವೊಂದನ್ನು ತಾವೇ ಕೈಬಿಡುವುದು ಅವರ ಸ್ವಭಾವ.

ಅವರ ಇನ್ನೊಂದು ಅಭ್ಯಾಸ ನನಗೆ ಬಹುಕಾಲ ಅರ್ಥವಾಗಿರಲಿಲ್ಲ. ಸತ್ಯನಾರಾಯಣ ಪೂಜೆಯೋ, ಯಾರದೋ ಮನೆಯ ಗೃಹಪ್ರವೇಶವೋ ಆಗಿ, ಊಟದ ನಂತರ ಹಿರಿಯರು ವಾರದ ಏಳು ಮನೆಗಳಿರುವ ಗುಳಿಗೆಯ ಡಬ್ಬಿ ತೆಗೆದರೆ ಸಾಕು, ರಮಾಮಣಿಯವರು ಮಾತು ನಿಲ್ಲಿಸಿ ಮುಂದಕ್ಕೆ ಬಾಗಿ ನೋಡುತ್ತಿದ್ದರು. ಯಾರ ಅಂಗೈಯಲ್ಲಾದರೂ ಹಳದಿಯ ಮೊಟ್ಟೆಯಾಕಾರದ ಮಾತ್ರೆ ಕಂಡರೆ ಅವರ ಮುಖದ ಬಣ್ಣವೇ ಇಳಿದುಹೋಗುತ್ತಿತ್ತು. "ಇದು ಯಾವಾಗಿನಿಂದ ತಗೋತಾ ಇದ್ದೀರಿ? ಆರಾಮಾಗಿದ್ದೀರಾ?" ಎಂದು ವಿಚಾರಿಸುತ್ತಿದ್ದರು. ವೃತ್ತಿಯ ಚಾಳಿಯೆಂದು ನಾನು ಅದನ್ನು ಅಷ್ಟಕ್ಕೇ ಬಿಟ್ಟಿದ್ದೆ.

ಕಳೆದ ಮೇ ತಿಂಗಳಲ್ಲಿ ಪ್ಲೇನ್ಸ್‌ಬರೋದ ನಮ್ಮ ಅಪಾರ್ಟ್‌ಮೆಂಟ್ ಸಮುಚ್ಚಯಕ್ಕೆ ಸಲ್ಮಾ ಎಂಬ ಕಲಬುರ್ಗಿಯ ಹಿರಿಯ ಹೆಂಗಸೊಬ್ಬರು ಮಗಳ ಜೊತೆ ಇರಲು ಬಂದರು. ಕನ್ನಡ ಮಾತು ಕಿವಿಗೆ ಬಿದ್ದು ಪರಿಚಯವಾಯಿತು. "ಮೊಣಕಾಲ್ ರಿಪ್ಲೇಸ್ ಆಗ್ಯದ್ರಿ. ಡಾಕ್ಟರ್ ನಡೀರಿ ಅಂತಾರ, ಮಗಳು ಕೂಡ್ರು ಅಂತಾಳ. ಮೀನ್ ಹಿಡಿಯೋದು ಕಲಿಸೋರು ಯಾರರ ಇದ್ರ ಹೇಳ್ರಿ, ಎರಡೂ ಆಗ್ತದ" ಎಂದರು. ಮುಂದಿನ ಶನಿವಾರವೇ ಕರೆದುಕೊಂಡು ಬರುವುದಾಗಿ ನಾನು ರಮಾಮಣಿಯವರಿಗೆ ಫೋನು ಮಾಡಿದೆ. ಹೆಸರು ಹೇಳಲು ಹೊಳೆಯಲಿಲ್ಲ. ಕಲಬುರ್ಗಿಯವರೊಬ್ಬರು ಎಂದೆ, ಅಷ್ಟೆ.

ಶನಿವಾರ ಬೆಳಿಗ್ಗೆ ಏಳೂವರೆಗೆ ಕೆರೆಯ ದಂಡೆಗೆ ಅಂಟಿದ ಪಾರ್ಕಿಂಗ್ ಲಾಟಿನಲ್ಲಿ ಸಲ್ಮಾ ಕೋಲೂರಿಕೊಂಡು ಕಾರಿನಿಂದ ಇಳಿದರು. ನೀರಿನ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ ರಮಾಮಣಿಯವರು ತಿರುಗಿದವರು ತಿರುಗಿದಂತೆಯೇ ನಿಂತರು. ಸಲ್ಮಾ ಕಣ್ಣು ಕಿರಿದು ಮಾಡಿ ನೋಡಿ, ಕೋಲನ್ನು ಮೇಲೆತ್ತಿ ಕೂಗಿದರು: "ಅಯ್ಯ! ರಮಾಮಣಿಯವ್ರು ಅಲ್ರೀ ಇವರು? ಎಷ್ಟು ವರ್ಷ ಆಯ್ತ್ರಿ!" ಓಡಿಬಂದಂತೆ ಕುಂಟುತ್ತ ಬಂದು ಅಪ್ಪಿಕೊಂಡರು. ರಮಾಮಣಿಯವರ ಎರಡು ಕೈಗಳೂ ಇಳಿಬಿದ್ದೇ ಇದ್ದವು. ಇವರಿಬ್ಬರೂ ಒಂದು ಕಾಲದಲ್ಲಿ ಒಂದೇ ಕಂಪನಿಯಲ್ಲಿದ್ದವರೆಂದು ನನಗೆ ತಿಳಿದದ್ದು ಆಗ.

ಆ ಕ್ಷಣ ಆಕೆಯ ಮನಸ್ಸಿನಲ್ಲಿ ನಡೆದದ್ದನ್ನು ಅವರೇ ಆಮೇಲೆ ನನಗೆ ಹೇಳಿದರು. ಅದನ್ನು ಇಲ್ಲಿಯೇ ಹೇಳಿಬಿಡುವುದು ವಾಸಿ. ಇಪ್ಪತ್ತೊಂದು ವರ್ಷಗಳ ಹಿಂದೆ ಪ್ರಿನ್ಸ್‌ಟನ್ ಸಮೀಪದ, ಈಗ ಹೆಸರೂ ಕಟ್ಟಡವೂ ಉಳಿಯದ ಒಂದು ಔಷಧ ಕಂಪನಿಯಲ್ಲಿ ರಮಾಮಣಿಯವರು ಮಾತ್ರೆಗಳನ್ನು ಪರೀಕ್ಷಿಸುತ್ತಿದ್ದರು. ಹೃದಯದ ಬಡಿತವನ್ನು ಹತೋಟಿಯಲ್ಲಿಡುವ ಹಳದಿ ಮಾತ್ರೆಯೊಂದರ ಹೊಸ ಲಾಟು, ಅಂದರೆ ಒಂದೇ ಸಲಕ್ಕೆ ತಯಾರಾದ ಕಂತು, ಬಂದಿತ್ತು. ಆರು ಮಾತ್ರೆಗಳನ್ನು ಮೈಬಿಸಿಯಷ್ಟು ಬೆಚ್ಚಗಿನ ನೀರಿನಲ್ಲಿ ಹಾಕಿ, ಮೂವತ್ತು ನಿಮಿಷಕ್ಕೆ ಎಷ್ಟು ಕರಗಿದೆಯೆಂದು ನೋಡುವ ಪರೀಕ್ಷೆ. ಐದು ಕರಗಿದವು, ಒಂದು ಕರಗಬೇಕಾದಷ್ಟು ಕರಗಲಿಲ್ಲ. ಅದು ಥ್ಯಾಂಕ್ಸ್‌ಗಿವಿಂಗ್ ರಜೆಯ ಹಿಂದಿನ ದಿನ. ಮ್ಯಾನೇಜರು ಬಂದು ಬಾಗಿಲು ಮುಂದೆ ಮಾಡಿ, "ಮಾದರಿ ತೆಗೆಯುವಾಗ ನೀವು ಹೊತ್ತು ತಪ್ಪಿರಬೇಕು, ಹಾಗೆಂದು ಬರೆದು ಮತ್ತೊಮ್ಮೆ ಟೆಸ್ಟ್ ಮಾಡಿ" ಎಂದ. ಆಕೆ ಹೊತ್ತು ತಪ್ಪಿರಲಿಲ್ಲ. ಆದರೆ ಬದರೀನಾಥರ ಕೆಲಸ ಹೋಗಿ ಹತ್ತು ತಿಂಗಳಾಗಿತ್ತು. ಮನೆಯವರೆಲ್ಲರ ವೀಸಾ ಈಕೆಯ ಕೆಲಸಕ್ಕೆ ಕಟ್ಟಿಕೊಂಡಿತ್ತು. ಗ್ರೀನ್ ಕಾರ್ಡಿನ ಅರ್ಜಿ ಅದೇ ಮ್ಯಾನೇಜರಿನ ಮೇಜಿನ ಮೇಲಿತ್ತು, ಮತ್ತು ಆತ ಅದನ್ನು ನೆನಪಿಸಲು ಮರೆಯಲಿಲ್ಲ. ರಮಾಮಣಿಯವರು ಬರೆದುಕೊಟ್ಟರು: ಮೂವತ್ತರ ಬದಲು ಇಪ್ಪತ್ತೈದು ನಿಮಿಷಕ್ಕೇ ಮಾದರಿ ತೆಗೆದೆ, ತಪ್ಪು ನನ್ನದು. ಮರುಪರೀಕ್ಷೆಗೆ ಬೇರೆ ಆರು ಮಾತ್ರೆಗಳು, ಅವು ಕರಗಿದವು. ಸಹಿ ಹಾಕಿ ಮನೆಗೆ ಬಂದರು.

ಅಂಥ ವರದಿಗಳು ಕೊನೆಗೆ ಸೇರುತ್ತಿದ್ದುದು ಲಾಟನ್ನು ಮಾರುಕಟ್ಟೆಗೆ ಬಿಡುವ ಅಥವಾ ತಡೆಯುವ ಇನ್ನೊಂದು ವಿಭಾಗಕ್ಕೆ. ಸಲ್ಮಾ ಇದ್ದದ್ದು ಅಲ್ಲಿ. ಫೆಬ್ರವರಿಯಲ್ಲಿ ಬದರೀನಾಥರಿಗೆ ಬ್ಯಾಂಕಿನ ಕೆಲಸ ಸಿಕ್ಕಿತು, ಮಾರ್ಚಿನಲ್ಲಿ ಈಕೆ ಆ ಕಂಪನಿ ಬಿಟ್ಟರು. ಬಿಟ್ಟ ಮೇಲೆ ಹಳೆಯ ಸಹೋದ್ಯೋಗಿಗಳ ಫೋನು ಎತ್ತಲಿಲ್ಲ, ಕ್ರಿಸ್‌ಮಸ್ ಕಾರ್ಡುಗಳಿಗೆ ಉತ್ತರಿಸಲಿಲ್ಲ. ಆ ಲಾಟು ಏನಾಯಿತೆಂದು ಒಂದು ಮಾತು ಕೇಳಿದ್ದರೆ ಗೊತ್ತಾಗುತ್ತಿತ್ತು. ಜಗತ್ತಿನಲ್ಲಿ ಪ್ರತಿಯೊಂದನ್ನೂ ಪರೀಕ್ಷಿಸಿ ನೋಡುವ ಹೆಂಗಸು ಆ ಒಂದನ್ನು ಮಾತ್ರ ಪರೀಕ್ಷಿಸಲಿಲ್ಲ. ಕೇಳಿದರೆ ಉತ್ತರ ಬಂದೀತೆಂಬ ಭಯ. ಸ್ಥಳೀಯ ಪತ್ರಿಕೆಯ ನಿಧನವಾರ್ತೆಗಳಲ್ಲಿ ಹೃದಯ ನಿಂತು ಹೋದವರ ಹೆಸರುಗಳನ್ನು ಓದುವುದೊಂದು ವ್ರತವಾಯಿತು. ಮುಂದಿನ ಕಂಪನಿಯಲ್ಲಿ ಅವರ ಕಟ್ಟುನಿಟ್ಟಿಗೆ ಬೆದರದ ಮ್ಯಾನೇಜರಿರಲಿಲ್ಲ. ಕರಗದೆ ಉಳಿದ ಮಾತ್ರೆ ಎದೆಯಲ್ಲೇ ಇತ್ತು.

ಈಗ ಆ ಉತ್ತರವೇ ಕೋಲೂರಿಕೊಂಡು ಎದುರಿಗೆ ನಿಂತಿತ್ತು. "ಇವತ್ತು ಬೇಡ ಶೀನು, ತಲೆ ನೋಯ್ತಿದೆ" ಎಂದು ಹೊರಟುಬಿಡಬೇಕೆಂದು ಆಕೆಗೆ ತೋರಿತಂತೆ. ಆದರೆ ಸಲ್ಮಾ ಆಗಲೇ ಬದರೀನಾಥರ ಕುರ್ಚಿಯಲ್ಲಿ ಕುಳಿತು, "ಇದ್ರಾಗ ಯಾವ ದಾರ ತಗೋಬೇಕ್ರಿ? ಎಲ್ಲಾ ಒಂದೇ ಕಾಣಸ್ತಾವ" ಎಂದು ರೀಲುಗಳನ್ನು ಕೈಗೆತ್ತಿಕೊಂಡಿದ್ದರು. ಕಲಿಯಲು ಬಂದವರಿಗೆ ಹೇಳಿಕೊಡದೆ ಹೋಗುವುದು ರಮಾಮಣಿಯವರಿಂದ ಆಗುವ ಕೆಲಸವಲ್ಲ. ಹೇಳತೊಡಗಿದರು. ಇದು ಎಳೆದರೆ ಹಿಗ್ಗುತ್ತದೆ, ಹೊಸಬರಿಗೆ ಒಳ್ಳೆಯದು. ಇದು ನೀರಲ್ಲಿ ಮುಳುಗುತ್ತದೆ, ಕಾಣುವುದಿಲ್ಲ. ಇದು ಹೆಣೆದದ್ದು, ಗಟ್ಟಿ, ಆದರೆ ಮೀನಿಗೆ ಕಾಣಿಸುತ್ತದೆ. ದನಿ ಎಂದಿನದೇ, ಆದರೆ ಅಂದು ಅವರು ದಾರವನ್ನು ಬೆರಳುಗಳ ನಡುವೆ ಎಳೆದು ನೋಡಲಿಲ್ಲ. ಹಿಂದಿನ ರಾತ್ರಿ ಮಳೆಯಾಗಿ ಕೆರೆ ಕದಡಿತ್ತು. ಅರ್ಧಕ್ಕೇ ಬಿಟ್ಟ ಬಾಟಲಿಯನ್ನು ಮತ್ತೆ ನೋಡದೆಯೇ ನೇರಳೆ ಹುಳುವನ್ನು ಆರಿಸಿದರು. ಸಲ್ಮಾರ ಗಾಳ ಕಟ್ಟಿ ಕೊಟ್ಟು, ತಮ್ಮದನ್ನು ಅವಸರದಲ್ಲಿ ಬಿಗಿದು, ಮುಳುಗಿದ ಮರದ ಬುಡಕ್ಕೆ ಎಸೆದರು.

ಎಸೆದ ಎರಡನೆಯ ಸಲಕ್ಕೇ ಗಾಳದ ಕೋಲು ಬಾಗಿತು. ದೊಡ್ಡ ಮೀನೇ, ನೀರಿನಿಂದ ಮೇಲಕ್ಕೆ ನೆಗೆದು ಬಾಯಿ ಅಗಲಿಸಿ ತಲೆ ಕೊಡವಿದ್ದನ್ನು ನಾವೆಲ್ಲ ಕಂಡೆವು. ಮರುಗಳಿಗೆಯಲ್ಲಿ ದಾರ ಸಡಿಲಾಗಿ ಗಾಳಿಯಲ್ಲಿ ತೇಲಿತು. ರಮಾಮಣಿಯವರು ಅದರ ತುದಿಯನ್ನು ಎಳೆದುಕೊಂಡು ನೋಡಿದರು. ಹಂದಿಯ ಬಾಲದಂತೆ ಸುರುಳಿ ಸುತ್ತಿತ್ತು. ಹರಿದದ್ದಲ್ಲ, ಗಂಟು ಜಾರಿದ್ದು.

"ಒದ್ದೆ ಮಾಡಲಿಲ್ಲ" ಎಂದರು, ತಮಗೇ ಹೇಳಿಕೊಳ್ಳುವಂತೆ. "ಗಂಟು ಒದ್ದೆ ಮಾಡೋದು ಮರೆತೆ. ಪಾಪ, ಕೊಕ್ಕೆ ಬಾಯಲ್ಲೇ ಉಳೀತು."

"ಮುಳ್ಳಿಲ್ಲವಲ್ಲ ಆಂಟಿ, ಬಿದ್ದುಹೋಗುತ್ತೆ" ಎಂದೆ.

ಸಲ್ಮಾ ಬಿದ್ದು ಬಿದ್ದು ನಕ್ಕರು. "ನೀವೂ ಮರೀತೀರೇನ್ರೀ? ನಂಗೊತ್ತೇ ಇರ್ಲಿಲ್ಲ ನೋಡ್ರಿ!"

ಆ ನಗುವಿನಲ್ಲಿ ಏನಿತ್ತೋ, ರಮಾಮಣಿಯವರು ಕೋಲನ್ನು ಹುಲ್ಲಿನ ಮೇಲೆ ಇಟ್ಟು ಸಲ್ಮಾರ ಎದುರು ಹೋಗಿ ನಿಂತರು. ಶಿಕ್ಷೆ ಕೇಳಿಸಿಕೊಳ್ಳಲು ಸಿದ್ಧವಾದವರ ಹಾಗೆ ಎರಡು ಕೈಗಳನ್ನೂ ಹೊಟ್ಟೆಯ ಮೇಲೆ ಜೋಡಿಸಿಕೊಂಡಿದ್ದರು. "ಸಲ್ಮಾ, ಒಂದು ಕೇಳ್ತೀನಿ. ನಿಜ ಹೇಳಿ. ಆ ವರ್ಷ ಥ್ಯಾಂಕ್ಸ್‌ಗಿವಿಂಗ್ ಹಿಂದಿನ ದಿನ ಒಂದು ಲಾಟ್ ಬಂದಿತ್ತು. ಹಳದಿ ಮಾತ್ರೆ. ಅದು ಎಲ್ಲೆಲ್ಲಿಗೆ ಹೋಯ್ತು?"

ಸಲ್ಮಾ ಹುಬ್ಬು ಗಂಟಿಕ್ಕಿ ಯೋಚಿಸಿದರು. ಆ ಯೋಚನೆ ಅರ್ಧ ನಿಮಿಷವೂ ಹಿಡಿದಿರಲಾರದು. ರಮಾಮಣಿಯವರು ಅದನ್ನು ಆಮೇಲೆ ವಿವರಿಸುವಾಗ ಗಡಿಯಾರದ ಲೆಕ್ಕವನ್ನೇ ಕೈಬಿಟ್ಟಿದ್ದರು.

"ಹಳದಿ ಗುಳಿಗಿ... ಹೃದಯದ್ದು?" ಎಂದರು ಸಲ್ಮಾ. "ಅದೆಲ್ಲಿ ಹೊರಗ ಹೋಯ್ತ್ರಿ? ನಾನೇ ರಿಜೆಕ್ಟ್ ಮಾಡಿದ್ನಲ್ಲ!"

"ರಿಜೆಕ್ಟ್?"

"ನಿಮ್ಮ ರಿಪೋರ್ಟ್ ಓದ್ದೆ. ಟೈಮ್ ನೋಡೋದ್ರಾಗ ನನ್ನ ತಪ್ಪು ಅಂತ ಬರ್ದಿದ್ರಿ. ಓದಿ ನಕ್ಕೆ ನಾ. ರಮಾಮಣಿಯವ್ರು ಟೈಮ್ ತಪ್ತಾರಂದ್ರ! ನೀವು ಲಂಚಿಗೆ ಎದ್ರ ನಾವೆಲ್ಲ ಗಡಿಯಾರ ಸರಿ ಮಾಡ್ಕೋತಿದ್ದೆವು. ಇದ್ರಾಗ ಏನೋ ಅದ ಅಂತ ಮಷೀನಿನ ಪ್ರಿಂಟ್ ತರಿಸಿ ನೋಡ್ದೆ. ಬರಾಬರಿ ಮೂವತ್ತು ನಿಮಿಷಕ್ಕ ತಗದೀರಿ. ಹಂಗಾದ್ರ ತಪ್ಪು ನಿಮ್ಮದಲ್ಲ, ಗುಳಿಗೀದು. ಹೊರಗಿನ ಲ್ಯಾಬಿನಾಗ ಮತ್ತ ನೂರು ಗುಳಿಗಿ ಟೆಸ್ಟ್ ಮಾಡ್ಸಿದೆ, ಹದಿಮೂರು ಕರಗ್ಲಿಲ್ಲ. ಪೂರಾ ಲಾಟ್ ಸುಡಿಸಿದೆವು."

"ನೀವೇ ನೋಡಿದ್ರಾ? ಸುಟ್ಟಿದ್ದು?"

"ಮುಂದ ನಿಂತು ನೋಡೀನ್ರಿ. ಕಾಗದದ ಮ್ಯಾಲ ಸಹಿ ನಂದೇ."

"ಎಲ್ಲಾನೂ? ಒಂದು ಡ್ರಮ್ಮೂ ಉಳೀಲಿಲ್ವಾ?"

"ಹದಿನಾಲ್ಕು ಡ್ರಮ್. ಹದಿನಾಲ್ಕೂ." ಸಲ್ಮಾ ಈಗ ನಗುವುದನ್ನು ನಿಲ್ಲಿಸಿ ಅವರ ಮುಖವನ್ನೇ ನೋಡುತ್ತಿದ್ದರು. "ಯಾಕ್ರೀ? ನಿಮಗ ಗೊತ್ತಿರ್ಲಿಲ್ಲೇನು? ನಿಮ್ಮ ಮ್ಯಾನೇಜರಿಗೆ ಪತ್ರ ಬರ್ದಿದ್ದೆನಲ್ಲ. ನಿಮಗ ತೋರಿಸ್ಲಿಲ್ಲ?"

ರಮಾಮಣಿಯವರು ಇಲ್ಲವೆಂದು ತಲೆಯಾಡಿಸಿದರು. ಆಮೇಲೆ, ಯಾವತ್ತೂ ಚಾಪೆಯಿಲ್ಲದೆ ನೆಲಕ್ಕೆ ಕೂರದ ಆಕೆ, ರಾತ್ರಿಯ ಮಳೆಯಿಂದ ತೊಯ್ದಿದ್ದ ಹುಲ್ಲಿನ ಮೇಲೆ ಹಾಗೆಯೇ ಕುಳಿತುಬಿಟ್ಟರು. ಅಳುತ್ತಾರೆಂದು ನಾನು ತಿಳಿದೆ. ಅಳಲಿಲ್ಲ. ಬಾಯಿ ತೆರೆದು ಉಸಿರೆಳೆದುಕೊಂಡರು, ಬಿಟ್ಟರು, ಮತ್ತೆ ಎಳೆದುಕೊಂಡರು; ಎಷ್ಟೋ ಹೊತ್ತು ನೀರಿನಡಿಯಲ್ಲಿದ್ದು ಮೇಲೆ ಬಂದವರಿಗೆ ಉಸಿರಾಟವೇ ಒಂದು ಕೆಲಸವಾಗುವಂತೆ. "ಯಾರಿಗೂ ಏನೂ ಆಗಲಿಲ್ಲ" ಎಂದರು. "ಯಾರೂ ತಗೊಳ್ಳಲೇ ಇಲ್ಲ."

"ಯಾರೂ ಇಲ್ರಿ" ಎಂದರು ಸಲ್ಮಾ, ಕುರ್ಚಿಯಿಂದ ಬಾಗಿ ಅವರ ತಲೆಯ ಮೇಲೆ ಕೈಯಿಟ್ಟು.

ಇಷ್ಟೆಲ್ಲವನ್ನೂ ಪುಳಿಯೋಗರೆಯ ಡಬ್ಬಿ ಹಿಡಿದು ನಿಂತು ಕೇಳುತ್ತಿದ್ದ ಬದರೀನಾಥರ ಸ್ಥಿತಿಯನ್ನು ಏನೆಂದು ಹೇಳಲಿ! ಆ ಮನುಷ್ಯನಿಗೆ ಇದರ ಒಂದಕ್ಷರವೂ ಗೊತ್ತಿರಲಿಲ್ಲ. ಮೆಲ್ಲಗೆ ಬಂದು ಹೆಂಡತಿಯ ಪಕ್ಕದಲ್ಲಿ, ಅದೇ ಒದ್ದೆ ಹುಲ್ಲಿನಲ್ಲಿ, ಮೊಣಕಾಲು ಸಿಡಿಸುತ್ತ ಕುಳಿತರು. "ಇಪ್ಪತ್ತೊಂದು ವರ್ಷ ರಮಾ. ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀವೂ ನಿದ್ದೆ ಬಿಡ್ತಿದ್ರಿ. ಮನೇಲಿ ಒಬ್ಬರು ಬಿಟ್ಟರೆ ಸಾಕು ಅಂತ."

"ನಾನು ಕೆಲಸ ಇಲ್ಲದೆ ಕೂತಿದ್ದಕ್ಕೆ ನೀನು ಬರೆದುಕೊಟ್ಟೆ."

"ಅದಕ್ಕಲ್ಲ. ನಾನು ಹೆದರಿದೆ, ಬರೆದುಕೊಟ್ಟೆ. ತಪ್ಪು ನನ್ನದೇ ರೀ. ಅದು ತಪ್ಪು ಅನ್ನೋದು ಇವತ್ತೂ ಬದಲಾಗಲ್ಲ." ಮತ್ತೊಂದು ಉಸಿರು. "ಆದ್ರೆ ಅದರಿಂದ ಯಾರೂ ಸಾಯ್ಲಿಲ್ಲವಲ್ಲ, ಅಷ್ಟು ಸಾಕು ನನಗೆ."

ಅವರ ಮಾತು ಮುಗಿಯುವಷ್ಟರಲ್ಲಿ, ನೀರಿನಲ್ಲಿ ಹಾಗೇ ಬಿಟ್ಟು ಎಲ್ಲರೂ ಮರೆತಿದ್ದ ಸಲ್ಮಾರ ಗಾಳದ ಕೋಲು ಕುರ್ಚಿಯ ಕೈಯಿಂದ ಜಾರಿ ಹುಲ್ಲಿನ ಮೇಲೆ ಸರಸರನೆ ಕೆರೆಯ ಕಡೆಗೆ ಹೊರಟಿತು. "ಹೋಯ್ತ್ರಿ, ಹೋಯ್ತು!" ಎಂದು ಸಲ್ಮಾ ಕಿರುಚಿದರು, ನಾನು ಹಾರಿ ಹಿಡಿದೆ, ರಮಾಮಣಿಯವರು ಒದ್ದೆ ಸಲ್ವಾರಿನಲ್ಲೇ ಎದ್ದು, "ಎಳೀಬೇಡಿ, ಎಳೀಬೇಡಿ, ಕೋಲು ಮೇಲೆ ಹಿಡೀರಿ, ದಾರ ಸಡಿಲ ಬಿಡಬೇಡಿ!" ಎಂದು ದಂಡೆಗೆ ಓಡಿದರು. ಆ ಓಟದಲ್ಲಿ ಅವರ ಹಿಮ್ಮಡಿ ನೆಲಕ್ಕೆ ಧಡಧಡ ಬಡಿಯುತ್ತಿತ್ತು. ಸಲ್ಮಾ ಕೂತಲ್ಲಿಂದಲೇ ರೀಲು ಸುತ್ತಿದರು, ನಾನು ಕೋಲು ಹಿಡಿದಿದ್ದೆ, ಎರಡು ಪೌಂಡಿನ ಬ್ಯಾಸೊಂದು ದಂಡೆಗೆ ಬಂತು. ರಮಾಮಣಿಯವರು ಕೈಗಳನ್ನು ನೀರಿನಲ್ಲಿ ಅದ್ದಿಕೊಂಡು ಅದರ ಕೆಳದುಟಿ ಹಿಡಿದು ಎತ್ತಿದರು. ಒಣಗೈಯಲ್ಲಿ ಮುಟ್ಟಿದರೆ ಮೀನಿನ ಮೈಯ ಲೋಳೆ ಕಿತ್ತು ಬರುತ್ತದೆಂಬುದನ್ನು ಆ ಸ್ಥಿತಿಯಲ್ಲೂ ಮರೆತಿರಲಿಲ್ಲ. ಕೊಕ್ಕೆ ಬೆರಳು ತಾಗಿದಷ್ಟಕ್ಕೇ ಕಳಚಿಬಂತು. ಸಲ್ಮಾ ಫೋಟೋ ತೆಗೆಸಿಕೊಂಡರು. ಆಮೇಲೆ ಮೀನನ್ನು ನೀರಿನಲ್ಲಿ ಹಿಡಿದು, ಅದು ತಾನಾಗಿ ಈಜುವವರೆಗೆ ಹಿಂದೆ ಮುಂದೆ ಆಡಿಸಿ, ಬಿಟ್ಟರು. ಅದು ಹೋದ ಮೇಲೂ ಕೈಗಳನ್ನು ನೀರಿನಲ್ಲೇ ಇಟ್ಟುಕೊಂಡು ಕುಳಿತಿದ್ದರು. ಮುಖ ತೊಳೆದುಕೊಂಡು ಎದ್ದಾಗ ಹತ್ತು ವರ್ಷ ಕಡಿಮೆಯಾದವರಂತೆ ಕಂಡರೆಂದು ನಾನು ಹೇಳಿದರೆ ಉತ್ಪ್ರೇಕ್ಷೆಯಾದೀತು. ಹಸಿವಾದವರಂತೆ ಕಂಡರೆಂಬುದು ನಿಜ. ಡಬ್ಬಿಯ ಪುಳಿಯೋಗರೆಯಲ್ಲಿ ಅರ್ಧವನ್ನು ಅವರೊಬ್ಬರೇ ತಿಂದರು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಬದರೀನಾಥರ ಫೋನು ಬಂತು, ದನಿಯಲ್ಲಿ ಗಾಬರಿ. "ಶ್ರೀನಿವಾಸ, ರಮಾ ಇನ್ನೂ ಎದ್ದಿಲ್ಲ ಕಣಪ್ಪ. ಮದುವೆಯಾಗಿ ನಲವತ್ತು ವರ್ಷದಲ್ಲಿ ಹೀಗಾಗಿಲ್ಲ. ಮೂಗಿನ ಹತ್ರ ಬೆರಳಿಟ್ಟು ನೋಡ್ದೆ, ಉಸಿರಾಡ್ತಿದ್ದಾಳೆ. ಎಬ್ಬಿಸಲಾ?" ಬೇಡವೆಂದೆ. ಹನ್ನೊಂದಕ್ಕೆ ಮತ್ತೆ ಫೋನು. ಈಗ ಅವರು ಪಿಸುಗುಟ್ಟುತ್ತಿದ್ದರು. "ಎದ್ದಳು. ಕಾಫಿ ಕೇಳಿದಳು. ನಾನೇ ಮಾಡಿಕೊಟ್ಟೆ. ಡಿಕಾಕ್ಷನ್ ತೆಳ್ಳಗಾಗಿತ್ತು, ಏನೂ ಅನ್ನಲಿಲ್ಲ!"

ಸಲ್ಮಾ ಈಗ ಪ್ರತಿ ಶನಿವಾರ ಬರುತ್ತಾರೆ. ಇಬ್ಬರೂ ಹಳೆಯ ಕಂಪನಿಯ ಮಾತಾಡುತ್ತಾರೆ; ಆ ಮ್ಯಾನೇಜರಿನ ಮಾತು ಬಂದರೆ ಸಲ್ಮಾ ಒಳ್ಳೆಯ ಕಲಬುರ್ಗಿಯ ಬೈಗುಳವೊಂದನ್ನು ಉಚ್ಚರಿಸುತ್ತಾರೆ, ರಮಾಮಣಿಯವರು ಅದರ ಅರ್ಥ ಕೇಳಿ ತಿಳಿದುಕೊಳ್ಳುತ್ತಾರೆ. ಒಂದು ದಿನ ನಾನು, "ನೀವು ಬರೆದ ಸುಳ್ಳನ್ನು ನಿಮ್ಮ ಹೆಸರೇ ಹಿಡಿದುಕೊಟ್ಟಿತಲ್ಲ ಆಂಟಿ" ಎಂದೆ. ಅವರು ಕೊಕ್ಕೆಯೊಂದನ್ನು ಉಗುರಿನ ಮೇಲೆ ಎಳೆಯುತ್ತಿದ್ದವರು ತಲೆಯೆತ್ತಲಿಲ್ಲ. "ಹಿಡಿದುಕೊಟ್ಟಿದ್ದು ಸಲ್ಮಾ. ಹೆಸರು ನೋಡಿ ಸುಮ್ಮನಾಗಬಹುದಿತ್ತು ಅವರು. ಪ್ರಿಂಟ್ ತರಿಸಿ ನೋಡಿದ್ರು" ಎಂದರು.

ಇಂಥವರನ್ನು ನಾವು ಪಿರಿಪಿರಿಯ ಜನ ಎನ್ನುತ್ತೇವೆ. ಬೀಗ ಹಾಕಿ ಮತ್ತೆ ಬಂದು ಎಳೆದು ನೋಡುವವರು, ಲೆಕ್ಕ ಸರಿಬಂದ ಮೇಲೂ ಇನ್ನೊಮ್ಮೆ ಕೂಡುವವರು, ಎಲ್ಲರೂ ಹೊರಟು ನಿಂತಾಗ ಒಂದು ನಿಮಿಷ ತಾಳಿ ಎನ್ನುವವರು. ಅವರ ಜೊತೆ ಪ್ರಯಾಣ ಮಾಡುವುದು ಕಷ್ಟ, ಅವರ ಕೆಳಗೆ ಕೆಲಸ ಮಾಡುವುದು ಇನ್ನೂ ಕಷ್ಟ. ಆದರೆ ನಾವು ಹೆಸರು ಓದದೆ ನುಂಗುವ ಗುಳಿಗೆಯ ಹಿಂದೆ, ಕಣ್ಣುಮುಚ್ಚಿ ದಾಟುವ ಸೇತುವೆಯ ಹಿಂದೆ, ನಿದ್ರಿಸುತ್ತ ಕೂರುವ ವಿಮಾನದ ಹಿಂದೆ ಇವರಲ್ಲೊಬ್ಬರು ಎಚ್ಚರವಾಗಿದ್ದರು. ಅವರೇನೂ ಎಂದೂ ಎಡವದವರಲ್ಲ; ಎಡವಿದ ಒಂದು ಸಲವನ್ನು ಯಾರೂ ನೋಡದಂತೆ ಹೊತ್ತು, ಉಳಿದ ಸಾವಿರ ಸಲ ಸರಿಯಾಗಿ ನಡೆದವರು ಅವರಲ್ಲಿ ಎಷ್ಟೋ ಮಂದಿ. ಲೋಕದ ಮೇಲೆಲ್ಲ ಸಂದೇಹ ಪಡುವ ಅವರಿಗೆ ತಿಳಿಯದಿರುವುದು ಒಂದೇ: ಅವರನ್ನು ಸಂದೇಹಿಸಲು ಮನಸ್ಸೊಪ್ಪದೆ, ಅವರಿಗಾಗಿಯೇ ಇನ್ನೊಮ್ಮೆ ನೋಡುವ ಇನ್ನೊಬ್ಬರು ಪಕ್ಕದ ಕೋಣೆಯಲ್ಲೇ ಕುಳಿತಿರುತ್ತಾರೆ. ಈ ಇಬ್ಬರೂ ಬದುಕಿನಲ್ಲಿ ಒಮ್ಮೆ ಎದುರಾಗುವುದು ದೊಡ್ಡ ಭಾಗ್ಯ. ಎದುರಾಗದಿದ್ದವರ ಪಾಲಿಗೂ ಎಲ್ಲೋ ಹದಿನಾಲ್ಕು ಡ್ರಮ್ಮುಗಳು ಎಂದೋ ಉರಿದು ಬೂದಿಯಾಗಿರಲೆಂದು ನಾನು ಹಾರೈಸುತ್ತೇನೆ.